ಆ 51,463ರಲ್ಲಿ ನನ್ನದೂ ಒಂದು

2016ರ ನವೆಂಬರ್ 8ರ ಬೆಳಗ್ಗೆ ನಾನು ಮತ ಹಾಕಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ನಗರದ ಒಂದು ಶಾಲೆಯಲ್ಲಿ. ಮಕ್ಕಳು ಬಾಸ್ಕೆಟ್‌ಬಾಲ್ ಆಡುವ ಒಳಾಂಗಣದಲ್ಲಿ ಮರೆ ಕಟ್ಟಿದ ಮೇಜುಗಳನ್ನು ಸಾಲಾಗಿ ಇಟ್ಟಿದ್ದರು. ಕೈಗೆ ಬಂದ ಮತಪತ್ರ ಉದ್ದನೆಯ ದಪ್ಪ ಕಾಗದ, ಎರಡೂ ಬದಿಗೆ ಅಚ್ಚು. ತುದಿಯಲ್ಲಿ ಕ್ರಮಸಂಖ್ಯೆ ಇರುವ ಒಂದು ಚೀಟಿ ಅಂಟಿಕೊಂಡಿತ್ತು. ಹರಿಯಲು ಅನುಕೂಲವಾಗಲೆಂದು ಅದರ ಬುಡಕ್ಕೆ ಸಣ್ಣ ತೂತುಗಳ ಗೆರೆ. ಅಧ್ಯಕ್ಷ ಸ್ಥಾನಕ್ಕೆ ಆರು ಜೋಡಿ ಹೆಸರುಗಳಿದ್ದವು. ದೇಶವೆಲ್ಲ ವರ್ಷವಿಡೀ ಮಾತನಾಡಿದ್ದು ಮೊದಲ ಎರಡರ ಬಗ್ಗೆ ಮಾತ್ರ. ನಾನು ಪೆನ್ನನ್ನು ಇನ್ನೂ ಕೆಳಗಿಳಿಸಿ, ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರ ಹೆಸರಿನ ಪಕ್ಕದಲ್ಲಿದ್ದ ಖಾಲಿ ಮೊಟ್ಟೆಯಾಕಾರವನ್ನು ಅಂಚು ಮೀರದಂತೆ ಕಪ್ಪು ಮಾಡಿದೆ.

ಯಂತ್ರದ ಬಳಿ ನಿಂತಿದ್ದ ವಯಸ್ಸಾದ ಮಹಿಳೆ ಆ ಚೀಟಿಯನ್ನು ಹರಿದು ತೆಗೆದುಕೊಂಡರು. ಇನ್ನು ಆ ಕಾಗದ ಯಾರದೆಂದು ಯಾರೂ ಹೇಳಲಾಗದು. ಯಂತ್ರ ಅದನ್ನು ಒಳಗೆಳೆದುಕೊಂಡಿತು. ನಾನು ಹಗುರಾಗಿ ಹೊರಗೆ ಬಂದೆ. ಪೌರತ್ವ ಸಿಕ್ಕ ಮೇಲೆ ಅದು ನನ್ನ ಎರಡನೆಯ ಅಧ್ಯಕ್ಷೀಯ ಚುನಾವಣೆ. ಮೊದಲನೆಯದರಲ್ಲಿ ಎಲ್ಲರಂತೆ ಎರಡರಲ್ಲೊಂದನ್ನು ಆರಿಸಿ ಬಂದಿದ್ದೆ. ಈ ಸಲ ನಾನು ನಿಜವಾಗಿ ನಂಬಿದ್ದನ್ನು ಕಾಗದದ ಮೇಲೆ ಹೇಳಿದ್ದೆ. ಹವಾಮಾನದ ವಿಷಯವನ್ನು ಗಂಟೆಗಟ್ಟಲೆ ನಡೆದ ಮೂರು ವಾಗ್ವಾದಗಳಲ್ಲಿ ಆ ಇಬ್ಬರೂ ಹೆಚ್ಚುಕಡಿಮೆ ಮುಟ್ಟದೆ ಬಿಟ್ಟದ್ದು ನನಗೆ ನುಂಗಲಾಗದ ಸಂಗತಿಯಾಗಿತ್ತು. ಮೇಲಾಗಿ ಮಿಷಿಗನ್ 1992ರಿಂದ ಸತತವಾಗಿ ಆರು ಸಲ ಡೆಮಾಕ್ರಟಿಕ್ ಪಕ್ಷದ ಕೈ ಹಿಡಿದ ರಾಜ್ಯ. ಸಮೀಕ್ಷೆಗಳೂ ಅದನ್ನೇ ಹೇಳುತ್ತಿದ್ದವು. ನನ್ನ ಒಂದು ಮತದಿಂದ ಏನೂ ಕೆಡುವುದಿಲ್ಲ ಎಂಬ ಧೈರ್ಯ ನನಗಿತ್ತು. ಆ ಧೈರ್ಯವನ್ನು ಇವತ್ತು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಬೆಳಗ್ಗೆ ಆರು ಗಂಟೆಗೇ ಫೋನ್ ಬಂತು. ನಾನು ಅಕ್ಕ ಎಂದೇ ಕರೆಯುವ ಹಿರಿಯ ಗೆಳತಿ ಆಕೆ. ನಾವಿಬ್ಬರೂ ಈ ದೇಶದಲ್ಲಿ ಒಬ್ಬರಿಗೊಬ್ಬರು ತವರಾದವರು. "ನೀನು ಯಾರಿಗೆ ಹಾಕಿದೆ?" ಎಂದು ಕೇಳಿದಳು. ಹೇಳಿದೆ. ತುಂಬಾ ಹೊತ್ತು ಮಾತಿಲ್ಲ. "ನಿನ್ನಂಥವರಿಂದಲೇ ಹೀಗಾಯಿತು ಕಣೇ" ಎಂದು ಫೋನ್ ಇಟ್ಟಳು. ಅದಾದ ಮೇಲೆ ಸುಮಾರು ಮೂರು ತಿಂಗಳು ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಆ ಮೂರು ತಿಂಗಳು ನಾನು ಅಂಕಿಗಳ ಜೊತೆ ಬದುಕಿದೆ. ಇಲ್ಲಿ ಅಧ್ಯಕ್ಷರ ಗೆಲುವು ತೀರ್ಮಾನವಾಗುವುದು ಒಂದೊಂದು ರಾಜ್ಯದ ಲೆಕ್ಕದಲ್ಲಿ. ಮಿಷಿಗನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರ ಎದುರು ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರ ಗೆಲುವಿನ ಅಂತರ 10,704. ಸ್ಟೈನ್ ಪಡೆದದ್ದು 51,463. ವಿಸ್ಕಾನ್ಸಿನ್‌ನಲ್ಲಿ ಅಂತರ 22,748, ಸ್ಟೈನ್ ಅವರಿಗೆ 31,072. ಪೆನ್ಸಿಲ್ವೇನಿಯಾದಲ್ಲಿ ಅಂತರ 44,292, ಸ್ಟೈನ್ ಅವರಿಗೆ 49,941. ಮೂರೂ ರಾಜ್ಯಗಳಲ್ಲಿ ಎರಡನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದು. ಇದನ್ನು ಕಂಡವರು ತೀರ್ಪು ಕೊಡಲು ತಡಮಾಡಲಿಲ್ಲ. ನಾನೂ ಕೆಲವು ರಾತ್ರಿ ನನ್ನ ಮೇಲೆ ಅದೇ ತೀರ್ಪು ಕೊಟ್ಟುಕೊಂಡೆ.

ಆದರೆ ಅಂಕಿಗಳನ್ನು ಇನ್ನಷ್ಟು ಹೊತ್ತು ನೋಡಿದರೆ ಅವು ಬೇರೆಯದನ್ನೂ ಹೇಳುತ್ತವೆ. ಕ್ಲಿಂಟನ್ ಅವರು ಗೆಲ್ಲಲು ಈ ಮೂರು ರಾಜ್ಯಗಳಲ್ಲಿ ಒಂದೋ ಎರಡೋ ಸಾಕಾಗುತ್ತಿರಲಿಲ್ಲ, ಮೂರೂ ಒಟ್ಟಿಗೆ ಬೇಕಿತ್ತು. ಅಂದರೆ ಪೆನ್ಸಿಲ್ವೇನಿಯಾದಲ್ಲಿ ಸ್ಟೈನ್ ಅವರಿಗೆ ಮತ ಹಾಕಿದ ನೂರು ಜನರಲ್ಲಿ 89 ಮಂದಿ ಕ್ಲಿಂಟನ್ ಅವರ ಕಡೆಗೆ ಬರಬೇಕಿತ್ತು. ಒಬ್ಬರೂ ಟ್ರಂಪ್ ಅವರ ಕಡೆಗೆ ಹೋಗಬಾರದಿತ್ತು. ಮನೆಯಲ್ಲೇ ಉಳಿಯುವವರು ಹನ್ನೊಂದು ಮಂದಿಗಿಂತ ಹೆಚ್ಚು ಇರಬಾರದಿತ್ತು. ಗ್ರೀನ್ ಪಕ್ಷದವರ ನಡುವೆ ಸ್ವಲ್ಪ ಕಾಲ ಓಡಾಡಿದ ನನಗೆ ಇದು ನಂಬಲು ಕಷ್ಟ. ಅವರಲ್ಲಿ ಅನೇಕರಿಗೆ ಎರಡನೆಯ ಆಯ್ಕೆ ಎಂದರೆ ಮತಗಟ್ಟೆಗೆ ಹೋಗದಿರುವುದು. ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಅದೇ ಮಿಷಿಗನ್‌ನಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಅವರಿಗೆ ಬಿದ್ದದ್ದು 1,72,136 ಮತ, ಸ್ಟೈನ್ ಅವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಮತ್ತೆ 75 ಸಾವಿರಕ್ಕೂ ಹೆಚ್ಚು ಜನ ಮತಗಟ್ಟೆಗೆ ಬಂದು, ಮತಪತ್ರದ ಉಳಿದ ಕಲಂಗಳನ್ನು ತುಂಬಿ, ಅಧ್ಯಕ್ಷ ಸ್ಥಾನವನ್ನು ಮಾತ್ರ ಖಾಲಿ ಬಿಟ್ಟು ಹೋದರು.

2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಕಥೆಯೂ ಹೀಗೆಯೇ. ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್ ಅವರು ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್ ಅವರನ್ನು ಅಲ್ಲಿ ಸೋಲಿಸಿದ್ದು 537 ಮತಗಳಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಆ ದಿನದಿಂದ ನೇಡರ್ ಎಂಬ ಹೆಸರೇ ಒಂದು ಬೈಗುಳವಾಯಿತು. ಆದರೆ ಅದೇ ಫ್ಲಾರಿಡಾದಲ್ಲಿ ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಅಭ್ಯರ್ಥಿಗೆ 562 ಮತ ಬಿದ್ದಿದ್ದವು. ಅದೂ 537ಕ್ಕಿಂತ ಹೆಚ್ಚು. ಅಂತರ ಅಷ್ಟು ಸಣ್ಣದಾದಾಗ ಮಳೆ, ಕೆಟ್ಟ ಮತಪತ್ರ, ತಪ್ಪಿದ ಬಸ್ಸು, ಎಲ್ಲವೂ ಕಾರಣವೇ. ಆ ಸಾಲಿನಿಂದ ಒಬ್ಬರನ್ನು ಮಾತ್ರ ಹೊರಗೆಳೆದು ಇವರೇ ಕಾರಣ ಎನ್ನುವುದು ಲೆಕ್ಕದ ಮಾತಲ್ಲ, ನೋವಿನ ಮಾತು. ನೋವು ನನಗೆ ಅರ್ಥವಾಗುತ್ತದೆ. ಲೆಕ್ಕವೆಂದು ಅದನ್ನು ಒಪ್ಪುವುದಿಲ್ಲ.

ಪಕ್ಕದ ಮನೆಯ ಹಿರಿಯರೊಬ್ಬರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆತನವೆಲ್ಲ ರಿಪಬ್ಲಿಕನ್. 1992ರಲ್ಲಿ ಅವರು ರಾಸ್ ಪೆರೋ ಅವರಿಗೆ ಮತ ಹಾಕಿದ್ದರು. ಪೆರೋ ಯಾವ ಪಕ್ಷಕ್ಕೂ ಸೇರದೆ ಪಕ್ಷೇತರರಾಗಿ ನಿಂತು, ದೇಶದ ಸಾಲದ ಪಟ್ಟಿಗಳನ್ನು ಟಿವಿಯಲ್ಲಿ ಕೋಲು ಹಿಡಿದು ತೋರಿಸಿ, 1 ಕೋಟಿ 97 ಲಕ್ಷ ಮತ ಪಡೆದರು. ದೇಶದ ಮತಗಳಲ್ಲಿ ಸುಮಾರು ಶೇ 19. ಒಂದು ರಾಜ್ಯದಲ್ಲೂ ಮೊದಲಿಗರಾಗದ ಕಾರಣ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ ಅವರ ಪಾಲು ಸೊನ್ನೆ. ನಮ್ಮ ನೆರೆಯವರ ಅಣ್ಣ ಪ್ರತಿ ಹಬ್ಬದ ಊಟಕ್ಕೆ ಕೂತಾಗಲೂ "ಬಿಲ್ ಕ್ಲಿಂಟನ್‌ನನ್ನು ತಂದವನು ನೀನು" ಎಂದು ತಮ್ಮನಿಗೆ ಹೇಳುತ್ತಿದ್ದನಂತೆ. ಅಣ್ಣ ಸಾಯುವವರೆಗೂ ಅದು ನಿಲ್ಲಲಿಲ್ಲ. ಆ ಚುನಾವಣೆಯ ದಿನ ಮತಗಟ್ಟೆಗಳ ಹೊರಗೆ ನಡೆದ ಸಮೀಕ್ಷೆಯಲ್ಲಿ ಪೆರೋ ಮತದಾರರ ಎರಡನೆಯ ಆಯ್ಕೆ ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್ ಮತ್ತು ಬಿಲ್ ಕ್ಲಿಂಟನ್ ನಡುವೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿತ್ತು. ಅಣ್ಣನಿಗೆ ಅದು ಬೇಕಿರಲಿಲ್ಲ.

ನನ್ನ ಕಥೆ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟು: "ನನ್ನ ಮುಂದೆ ನಿಂತವರು ಮೂವರು. ನನಗೆ ಬೇಕಾದವರಿಗೆ ಕೊಟ್ಟೆ. ಉಳಿದ ಇಬ್ಬರಿಂದ ನಾನು ಏನನ್ನೂ ಸಾಲ ತಂದಿರಲಿಲ್ಲ."

ಸಾಲ ಎಂಬ ಆ ಮಾತು ನನ್ನಲ್ಲಿ ನಾಟಿತು. ಮತ ಒಡೆಯಿತು, ಮತ ಕಸಿದರು, ಮತ ಹಾಳಾಯಿತು ಎಂಬ ಮಾತುಗಳ ತಳದಲ್ಲೆಲ್ಲ ಒಂದೇ ಎಣಿಕೆ ಇದೆ. ಮತದಾರರು ಹುಟ್ಟುವ ಮೊದಲೇ ಅವರ ಮತಗಳನ್ನು ಎರಡು ಪಕ್ಷಗಳು ಪಾಲು ಮಾಡಿಕೊಂಡಿವೆ, ಬೇರೆಯವರಿಗೆ ಕೊಟ್ಟವರು ಒಡೆಯನ ಹೊಲದಿಂದ ತೆನೆ ಕಿತ್ತು ಬೇರೆ ಕಣಕ್ಕೆ ಸಾಗಿಸಿದವರು, ಎಂಬ ಎಣಿಕೆ. ಅದನ್ನು ನಾನು ಯಾವ ಕಾಲಕ್ಕೂ ಒಪ್ಪಲಾರೆ. ಅಭ್ಯರ್ಥಿ ನನ್ನ ಬಾಗಿಲಿಗೆ ಬಂದು ಕೇಳಬೇಕು, ನನಗೆ ಒಪ್ಪಿಗೆಯಾಗುವಂತೆ ಮಾತಾಡಬೇಕು. ನಾನು ಕೊಡದಿದ್ದರೆ ಅದು ಅವರ ಕೊರತೆ.

ಆದರೆ ಇದು ಅರ್ಧ ಮಾತ್ರ. ಇನ್ನರ್ಧವನ್ನು ನನಗೆ ಕಲಿಸಿದವಳು ಅಕ್ಕ.

2017ರ ಜನವರಿ 27ರಂದು ಏಳು ದೇಶಗಳವರು ಅಮೆರಿಕಕ್ಕೆ ಬರುವುದನ್ನು ತಡೆದ ಟ್ರಂಪ್ ಅವರ ಆದೇಶ ಹೊರಟಿತು. ಅಕ್ಕನ ಸಹೋದ್ಯೋಗಿ ಒಬ್ಬಳು ಇರಾನಿನವಳು, ತುಂಬು ಗರ್ಭಿಣಿ. ಹೆರಿಗೆಗೆಂದು ಅವಳ ತಾಯಿ ಬರಬೇಕಿತ್ತು. ವೀಸಾ ಕೈಯಲ್ಲಿತ್ತು, ಟಿಕೆಟ್ ಇತ್ತು, ಬರಲಾಗಲಿಲ್ಲ. ಆ ಭಾನುವಾರ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಜನ ಸೇರಿ ಪ್ರತಿಭಟಿಸಿದರು. ನಾನೂ ಹೋಗಿದ್ದೆ. ಗುಂಪಿನಲ್ಲಿ ಅಕ್ಕ ಕಂಡಳು. ಸುಮಾರು ಮೂರು ತಿಂಗಳ ಮೇಲೆ ಎದುರಾಗಿದ್ದೆವು. ಜಗಳವಾಡಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ನಿಂತು ಹೇಳಿದಳು: "ನೀನು ನಿನ್ನ ಮನಸ್ಸಿಗೆ ಸರಿಯಾಗಿ ನಡೆದೆ. ಅದರ ಬೆಲೆ ಕೊಡುತ್ತಿರುವವಳು ಅವಳು."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಲೆಕ್ಕ ಹಾಕಿ ತೋರಿಸಬಹುದಿತ್ತು: ಮಿಷಿಗನ್ ಒಂದೇ ಸಾಲುತ್ತಿರಲಿಲ್ಲ, ಪೆನ್ಸಿಲ್ವೇನಿಯಾದಲ್ಲಿ ನೂರಕ್ಕೆ 89 ಬೇಕಿತ್ತು. ತಾಯಿ ಬಾರದೆ ಹೆರಿಗೆಗೆ ಹೋಗುವವಳ ಮುಂದೆ ಆ ಲೆಕ್ಕವನ್ನು ಹೇಳುವ ಬಾಯಿ ನನಗಿಲ್ಲ. ಮತ ನನ್ನದು, ನಿಜ. ಅದರ ಫಲ ಬಂದು ಬೀಳುವುದು ನನ್ನ ಅಂಗಳದಲ್ಲೇ ಎಂಬ ಖಾತ್ರಿ ಇಲ್ಲ.

ಇದೇ ಜಗಳ ಇದೇ ಊರಿನಲ್ಲಿ 1840ರ ದಶಕದಲ್ಲೂ ನಡೆದಿತ್ತು ಎಂದು ನನಗೆ ಗೊತ್ತಾದದ್ದು ಆ ಚಳಿಗಾಲದಲ್ಲೇ. ಆ್ಯನ್ ಆರ್ಬರ್‌ನ ಪಾಂಟಿಯಾಕ್ ಟ್ರೇಲ್ ಎಂಬ ರಸ್ತೆಯಲ್ಲಿ ಒಂದು ಹಳೆಯ ಇಟ್ಟಿಗೆ ಮನೆ ಇದೆ. ಗೈ ಬೆಕ್ಲಿ ಎಂಬ ಪಾದ್ರಿಯ ಮನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾದ ಕಡೆಗೆ ಹೋಗುತ್ತಿದ್ದವರಿಗೆ ಅಲ್ಲಿ ಆಸರೆ ಸಿಗುತ್ತಿತ್ತು. ಬೆಕ್ಲಿ ಮತ್ತು ಥಿಯೋಡರ್ ಫಾಸ್ಟರ್ ಸೇರಿ 1841ರಿಂದ ಈ ಊರಿನಿಂದಲೇ 'ಸಿಗ್ನಲ್ ಆಫ್ ಲಿಬರ್ಟಿ' ಎಂಬ ವಾರಪತ್ರಿಕೆ ಹೊರಡಿಸುತ್ತಿದ್ದರು. ಅದು ಲಿಬರ್ಟಿ ಪಕ್ಷದ ದನಿ. ಗುಲಾಮಗಿರಿಯನ್ನು ತೊಲಗಿಸುವುದೇ ಆ ಪಕ್ಷದ ಒಂದೇ ಗುರಿ. ಅದರ ಅಧ್ಯಕ್ಷೀಯ ಅಭ್ಯರ್ಥಿ ಜೇಮ್ಸ್ ಬರ್ನಿ ಒಂದು ಕಾಲಕ್ಕೆ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದು, ಮನಸ್ಸು ತಿರುಗಿ ಅವರನ್ನು ಬಿಡುಗಡೆ ಮಾಡಿದವರು. ಆ ಹೊತ್ತಿಗೆ ಮಿಷಿಗನ್‌ಗೇ ಬಂದು ನೆಲೆಸಿದ್ದರು.

1844ರ ಚುನಾವಣೆಯಲ್ಲಿ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಇಬ್ಬರೂ ಗುಲಾಮರ ಒಡೆಯರೇ. ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಪೋಕ್ ಟೆಕ್ಸಾಸನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ಸೇರಿದರೆ ಗುಲಾಮಗಿರಿಯ ನೆಲ ಇನ್ನಷ್ಟು ಹಿಗ್ಗುತ್ತಿತ್ತು. ವಿಗ್ ಪಕ್ಷದ ಹೆನ್ರಿ ಕ್ಲೇ ಅದಕ್ಕೆ ಅವಸರ ಬೇಡವೆಂದವರು, ನಡುವೆ ಮಾತು ಸ್ವಲ್ಪ ಸಡಿಲ ಮಾಡಿದವರು. ನ್ಯೂಯಾರ್ಕ್ ರಾಜ್ಯದಲ್ಲಿ ಪೋಕ್ ಗೆದ್ದದ್ದು 5,106 ಮತಗಳಿಂದ. ಬರ್ನಿ ಅವರಿಗೆ ಅಲ್ಲಿ ಬಿದ್ದದ್ದು 15 ಸಾವಿರಕ್ಕೂ ಹೆಚ್ಚು. ನ್ಯೂಯಾರ್ಕ್ ಒಂದು ಈ ಕಡೆಗೆ ಹೊರಳಿದ್ದರೂ ಕ್ಲೇ ಅಧ್ಯಕ್ಷರಾಗುತ್ತಿದ್ದರು. 1845ರಲ್ಲಿ ಟೆಕ್ಸಾಸ್ ಸೇರಿತು. ಮರುವರ್ಷ ಮೆಕ್ಸಿಕೊ ಮೇಲೆ ಯುದ್ಧವಾಯಿತು.

ಇಲಿನಾಯ್‌ನ ಒಬ್ಬ ವಿಗ್ ವಕೀಲರಿಗೆ ಇದು ಸಹಿಸಲಾಗಲಿಲ್ಲ. 1845ರ ಅಕ್ಟೋಬರ್‌ನಲ್ಲಿ ಲಿಬರ್ಟಿ ಪಕ್ಷದ ಒಬ್ಬರಿಗೆ ಅವರು ಪತ್ರ ಬರೆದರು. ನ್ಯೂಯಾರ್ಕಿನ ಗುಲಾಮಗಿರಿ ವಿರೋಧಿಗಳು ನಮ್ಮ ಜೊತೆ ಮತ ಹಾಕಿದ್ದರೆ ಕ್ಲೇ ಇವತ್ತು ಅಧ್ಯಕ್ಷರಾಗಿರುತ್ತಿದ್ದರು, ಟೆಕ್ಸಾಸ್ ಸೇರುತ್ತಿರಲಿಲ್ಲ ಎಂದು ವಾದಿಸಿದರು. ಮರವನ್ನು ಅಳೆಯಬೇಕಾದದ್ದು ಫಲದಿಂದ. ಕ್ಲೇ ಗೆದ್ದಿದ್ದರೆ ಗುಲಾಮಗಿರಿ ಹರಡುವುದು ನಿಲ್ಲುತ್ತಿತ್ತು ಎಂದಾದರೆ ಕ್ಲೇ ಅವರಿಗೆ ಮತ ಹಾಕುವುದು ಕೆಟ್ಟದ್ದು ಹೇಗಾದೀತು, ಎಂಬುದು ಅವರ ಪ್ರಶ್ನೆ. ಆ ವಕೀಲರ ಹೆಸರು ಅಬ್ರಹಾಂ ಲಿಂಕನ್.

ಅಕ್ಕ ವಿಮಾನ ನಿಲ್ದಾಣದಲ್ಲಿ ಹೇಳಿದ್ದೂ ಇದೇ. ಲಿಂಕನ್ ಮತ್ತು ಅಕ್ಕ ಇಬ್ಬರೂ ಒಂದೇ ಕಡೆ ನಿಂತಿದ್ದರೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಲಿಬರ್ಟಿ ಪಕ್ಷದವರು ಮನೆಗೆ ಹೋಗಲಿಲ್ಲ. 1848ರಲ್ಲಿ ಅವರಲ್ಲಿ ಬಹುಮಂದಿ ಎರಡೂ ದೊಡ್ಡ ಪಕ್ಷಗಳಿಂದ ಬೇಸತ್ತು ಬಂದವರ ಜೊತೆಗೂಡಿ ಫ್ರೀ ಸಾಯಿಲ್ ಪಕ್ಷ ಕಟ್ಟಿದರು. ದೇಶದ ಶೇ 10ರಷ್ಟು ಮತ ಬಂತು. 1854ರ ಜುಲೈ 6ರಂದು ಇಲ್ಲಿಂದ ಮುಕ್ಕಾಲು ಗಂಟೆ ದೂರದ ಜಾಕ್ಸನ್ ಎಂಬ ಊರಿನಲ್ಲಿ ಸಭಾಂಗಣ ಸಾಲದೆ ಓಕ್ ಮರಗಳ ಕೆಳಗೆ ಜನ ಸೇರಿದರು, ರಿಪಬ್ಲಿಕನ್ ಎಂಬ ಹೆಸರಿನಲ್ಲಿ ಅಭ್ಯರ್ಥಿಗಳ ಪಟ್ಟಿ ಹೊರಡಿಸಿದರು. ಆಗ ಅದೂ ಮೂರನೆಯ ಪಕ್ಷ. ಆರು ವರ್ಷಗಳ ಮೇಲೆ, ನಾಲ್ಕು ಮಂದಿ ಕಣದಲ್ಲಿದ್ದ ಚುನಾವಣೆಯಲ್ಲಿ, ಶೇ 40ಕ್ಕೂ ಕಡಿಮೆ ಮತ ಪಡೆದು ಆ ಪಕ್ಷದಿಂದ ಅಧ್ಯಕ್ಷರಾದವರು ಅದೇ ಲಿಂಕನ್.

ಹಾಗಾದರೆ 1844ರಲ್ಲಿ ಬರ್ನಿ ಅವರಿಗೆ ಬಿದ್ದ ಮತ ಹಾಳಾಯಿತೇ? ನಾನು ಪಾಂಟಿಯಾಕ್ ಟ್ರೇಲ್‌ನ ಆ ಮನೆಯ ಮುಂದೆ ಎಷ್ಟೋ ಸಲ ನಡೆದುಹೋಗಿದ್ದೇನೆ, ಈ ಪ್ರಶ್ನೆಯನ್ನು ಬಗೆಹರಿಸಲಾಗಿಲ್ಲ. ಟೆಕ್ಸಾಸಿನ ಹತ್ತಿ ಹೊಲಗಳಿಗೆ ಸಾಗಿಸಲಾದ ಗುಲಾಮರು ಬೆಲೆ ತೆತ್ತರು, ಅದನ್ನು ಅಳಿಸಲಾಗದು. ಲಿಬರ್ಟಿ ಪಕ್ಷದವರು ಪ್ರತಿ ಸಲವೂ ಕಡಿಮೆ ಕೆಟ್ಟವರನ್ನೇ ಆರಿಸುತ್ತಾ ಹೋಗಿದ್ದರೆ 1860 ಬರುತ್ತಿತ್ತೇ, ಅದೂ ಗೊತ್ತಿಲ್ಲ. ನನಗೆ ಖಚಿತವಾಗಿ ಕಾಣುವುದು ಒಂದೇ: ಅವರ ಮತಕ್ಕೆ ತೂಕ ಬಂದದ್ದು ನಡುವಿನ ಹದಿನಾರು ವರ್ಷಗಳಿಂದ. ವಾರವಾರ ಪತ್ರಿಕೆ ಅಚ್ಚು ಹಾಕಿದರು, ರಾಜ್ಯಪಾಲ ಸ್ಥಾನಕ್ಕೆ ನಿಂತು ಸೋತರು, ಊರೂರಿನಲ್ಲಿ ಸಭೆ ಕರೆದರು. ನಾಲ್ಕು ವರ್ಷಕ್ಕೊಮ್ಮೆ ಒಂದು ಮೊಟ್ಟೆಯಾಕಾರ ತುಂಬಿ ಹಗುರಾಗಿ ಮನೆಗೆ ಬರಲಿಲ್ಲ. ನಾನು 2016ರಲ್ಲಿ ಮಾಡಿದ್ದು ಅದನ್ನೇ.

ಎರಡೇ ಪಕ್ಷಗಳು ಉಳಿಯುವುದು ಜನರ ಸ್ವಭಾವದಿಂದಲ್ಲ, ಎಣಿಸುವ ಕ್ರಮದಿಂದ. ಫ್ರೆಂಚ್ ವಿದ್ವಾಂಸ ಮಾರಿಸ್ ದ್ಯುವೆರ್ಜೆ 1951ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಒಂದು ಸ್ಥಾನ, ಒಬ್ಬರಿಗೆ ಒಂದು ಗುರುತು, ಹೆಚ್ಚು ಬಂದವರೇ ವಿಜಯಿ ಎಂಬ ಕ್ರಮದಲ್ಲಿ ಮೂರನೆಯವರಿಗೆ ಮತಗಳಿಗೆ ತಕ್ಕ ಸ್ಥಾನ ಸಿಗುವುದಿಲ್ಲ. ಸಿಗದೆಂದು ತಿಳಿದ ಜನ ಮುಂದಿನ ಸಲ ಅವರನ್ನು ಕೈಬಿಡುತ್ತಾರೆ. ಬ್ರಿಟನ್ನಿನಲ್ಲಿ 2024ರಲ್ಲಿ ಲೇಬರ್ ಪಕ್ಷ ಶೇ 34ರಷ್ಟು ಮತಕ್ಕೆ ಸಂಸತ್ತಿನ ಮೂರನೇ ಎರಡರ ಹತ್ತಿರದಷ್ಟು ಸ್ಥಾನ ಪಡೆಯಿತು. ಶೇ 14 ಪಡೆದ ರಿಫಾರ್ಮ್ ಪಕ್ಷಕ್ಕೆ ದಕ್ಕಿದ್ದು ಐದು ಸ್ಥಾನ. ಅಮೆರಿಕದಲ್ಲಿ ಇದರ ಮೇಲೆ ಇನ್ನೊಂದು ಬಿಗಿ: 48 ರಾಜ್ಯಗಳಲ್ಲಿ ಮೊದಲು ಬಂದವರಿಗೆ ಆ ರಾಜ್ಯದ ಎಲೆಕ್ಟೋರಲ್ ಮತಗಳೆಲ್ಲವೂ ಹೋಗುತ್ತವೆ. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಬೇರೆ.

ಮತಪತ್ರದಲ್ಲಿ ಹೆಸರು ಬರುವುದಕ್ಕೇ ಮೂರನೆಯವರು ಪಡುವ ಪಾಡು ಬೇರೆ ಇದೆ. ಮಿಷಿಗನ್‌ನ ಎರಡು ಘಟನೆಗಳು ಸಾಕು. 2012ರಲ್ಲಿ ಗ್ಯಾರಿ ಜಾನ್ಸನ್ ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಿಂದ ಹಿಂದೆ ಸರಿಯುವ ಅರ್ಜಿ ಕಚೇರಿಗೆ ತಲುಪಿದ್ದು ಗಡುವು ಮುಗಿದ ಮೂರು ನಿಮಿಷಕ್ಕೆ. ಆ ಮೂರು ನಿಮಿಷಕ್ಕಾಗಿ ಲಿಬರ್ಟೇರಿಯನ್ ಅಭ್ಯರ್ಥಿಯಾಗಿ ಅವರ ಹೆಸರು ಮತಪತ್ರಕ್ಕೆ ಬರಲೇ ಇಲ್ಲ. 2024ರಲ್ಲಿ ರಾಬರ್ಟ್ ಕೆನಡಿ ಜೂನಿಯರ್ ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ, ತಮ್ಮ ಹೆಸರು ತೆಗೆಯಿರಿ ಎಂದು ಬೇಡಿಕೊಂಡರು. ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಅದು ಉಳಿಯಿತು.

ಎಣಿಸುವ ಕ್ರಮ ಬದಲಾದರೆ ಏನಾಗುತ್ತದೆ ಎಂಬುದನ್ನೂ ಈ ಊರು ಒಮ್ಮೆ ಕಂಡಿದೆ. 1970ರ ದಶಕದ ಮೊದಲಲ್ಲಿ ಆ್ಯನ್ ಆರ್ಬರ್‌ನ ವಿದ್ಯಾರ್ಥಿಗಳು ಮತ್ತು ಯುದ್ಧವಿರೋಧಿಗಳು ಹ್ಯೂಮನ್ ರೈಟ್ಸ್ ಪಕ್ಷ ಎಂದು ಕಟ್ಟಿಕೊಂಡು 1972ರಲ್ಲಿ ನಗರಸಭೆಯ ಎರಡು ಸ್ಥಾನ ಗೆದ್ದರು. ಆದರೆ 1973ರ ಮೇಯರ್ ಚುನಾವಣೆಯಲ್ಲಿ ಅವರ ಮತ ಮತ್ತು ಡೆಮಾಕ್ರಟಿಕ್ ಮತ ಬೇರೆಬೇರೆಯಾಗಿ, ಅರ್ಧಕ್ಕಿಂತ ಕಡಿಮೆ ಮತ ಪಡೆದ ರಿಪಬ್ಲಿಕನ್ ಜೇಮ್ಸ್ ಸ್ಟೀಫನ್ಸನ್ ಮೇಯರ್ ಆದರು. ಅಲ್ಲೂ ಅದೇ ಬೈಗುಳ ಕೇಳಿಬಂದಿರಬೇಕು. ಆದರೆ ಆ ಪಕ್ಷದವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. 1974ರಲ್ಲಿ ಮೇಯರ್ ಚುನಾವಣೆಗೆ ಪ್ರಾಶಸ್ತ್ಯ ಮತ ಪದ್ಧತಿ ತರುವ ಪ್ರಸ್ತಾಪವನ್ನು ಜನರ ಮುಂದಿಟ್ಟು ಗೆದ್ದರು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಕಂಡವರಿಗೆ ಇದು ಹೊಸದಲ್ಲ: ಮೊದಲ ಪ್ರಾಶಸ್ತ್ಯ ಯಾರಿಗೆ, ಅವರು ಹೊರಬಿದ್ದರೆ ಎರಡನೆಯದು ಯಾರಿಗೆ ಎಂದು ಅಂಕಿ ಬರೆಯುವುದು.

1975ರ ಏಪ್ರಿಲ್‌ನಲ್ಲಿ ಮೊದಲ ಎಣಿಕೆ ಮುಗಿದಾಗ ಸ್ಟೀಫನ್ಸನ್ ಅವರಿಗೆ ಶೇ 49, ಡೆಮಾಕ್ರಟಿಕ್ ಪಕ್ಷದ ಆಲ್ಬರ್ಟ್ ವೀಲರ್ ಅವರಿಗೆ ಶೇ 40. ಹಳೆಯ ಕ್ರಮವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂರನೆಯವರಾದ ಹ್ಯೂಮನ್ ರೈಟ್ಸ್ ಅಭ್ಯರ್ಥಿಯ ಮತಪತ್ರಗಳ ಎರಡನೆಯ ಪ್ರಾಶಸ್ತ್ಯ ಎಣಿಸಿದಾಗ ವೀಲರ್ 121 ಮತಗಳಿಂದ ಮುಂದೆ ಬಂದರು. ಅವರು ಈ ನಗರದ ಮೊದಲ ಕಪ್ಪು ಮೇಯರ್. ಹ್ಯೂಮನ್ ರೈಟ್ಸ್ ಪಕ್ಷಕ್ಕೆ ಮತ ಹಾಕಿದ ಒಬ್ಬರೂ ತಮ್ಮ ಮನಸ್ಸನ್ನು ಅದುಮಿಡಬೇಕಾಗಲಿಲ್ಲ, ಒಬ್ಬರೂ ಮರುದಿನ ಬೆಳಗ್ಗೆ ಬೈಗುಳದ ಫೋನ್ ಎತ್ತಬೇಕಾಗಲಿಲ್ಲ. ಒಂದೇ ಚುನಾವಣೆ. ಸೋತವರು ಕೆರಳಿ, ಮರುವರ್ಷ ಮತ್ತೆ ಜನಮತಕ್ಕೆ ಹಾಕಿಸಿ ಆ ಪದ್ಧತಿಯನ್ನೇ ರದ್ದು ಮಾಡಿಸಿದರು.

1977ರಲ್ಲಿ ಹಳೆಯ ಕ್ರಮದಲ್ಲೇ ವೀಲರ್ ಮರುಆಯ್ಕೆಯಾದದ್ದು ಒಂದೇ ಒಂದು ಮತದಿಂದ. ವ್ಯಾಜ್ಯ ಹೂಡಿದಾಗ, ನಗರದ ಗಡಿಯಾಚೆ ವಾಸವಿದ್ದ ಕೆಲವರು ಅಧಿಕಾರಿಗಳ ತಪ್ಪಿನಿಂದ ನಗರದಲ್ಲಿ ಮತ ಹಾಕಿದ್ದು ಬೆಳಕಿಗೆ ಬಂತು. ಯಾರಿಗೆ ಹಾಕಿದಿರಿ ಎಂದು ನ್ಯಾಯಾಧೀಶರು ಅವರನ್ನು ಕೇಳತೊಡಗಿದರು. ಒಬ್ಬ ವಿದ್ಯಾರ್ಥಿನಿ ಹೇಳುವುದಿಲ್ಲ ಎಂದಳು. ಕೈಗೆ ಕೋಳ ತೊಡಿಸಿದರೂ ಹೇಳಲಿಲ್ಲ. ಕೊನೆಗೆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಒಳ್ಳೆಯ ಮನಸ್ಸಿನಿಂದ ಮತ ಹಾಕಿದವರ ಬಾಯಿ ಬಿಡಿಸುವ ಹಕ್ಕು ಯಾರಿಗೂ ಇಲ್ಲ ಎಂದು ತೀರ್ಪಿತ್ತಿತು. ಮತಪತ್ರದ ತುದಿಯಿಂದ ಹರಿಯುವ ಚೀಟಿಯನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ. ಅಕ್ಕ ಕೇಳಿದ ಕೂಡಲೇ ನಾನು ಹೇಳಿಬಿಟ್ಟಿದ್ದೆನಲ್ಲ. ಅವಳು ನ್ಯಾಯಾಧೀಶರಿಗೇ ಹೇಳಲಿಲ್ಲ.

2017ರ ಶರತ್ಕಾಲದಲ್ಲಿ ನಾನು ಮೊದಲ ಸಲ ಕೈಯಲ್ಲಿ ಬರೆಯುವ ಹಲಗೆ ಹಿಡಿದು ಬೀದಿಗಿಳಿದೆ. ಮಿಷಿಗನ್‌ನಲ್ಲಿ ಮತಕ್ಷೇತ್ರಗಳ ಗಡಿಗಳನ್ನು ಶಾಸನಸಭೆಯಲ್ಲಿ ಬಹುಮತವಿದ್ದ ಪಕ್ಷವೇ ತನಗೆ ಬೇಕಾದಂತೆ ಎಳೆಯುತ್ತಿತ್ತು. ಅದನ್ನು ನಾಗರಿಕರ ಆಯೋಗಕ್ಕೆ ವಹಿಸಬೇಕು ಎಂಬ ಸಂವಿಧಾನ ತಿದ್ದುಪಡಿಗೆ 3,15,654 ಸಹಿ ಬೇಕಿತ್ತು. ದುಡ್ಡು ಕೊಟ್ಟು ಸಹಿ ಮಾಡಿಸುವ ಕಂಪನಿಗಳನ್ನು ಹಿಡಿಯದೆ ಸ್ವಯಂಸೇವಕರೇ ಓಡಾಡಿದ ಚಳವಳಿ ಅದು. ನವೆಂಬರ್ ಬಂದಾಗ ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತಿತ್ತು. ಎರಡು ಪೆನ್ನುಗಳನ್ನು ಕೋಟಿನ ಒಳಜೇಬಿನಲ್ಲಿ ಎದೆಗೆ ಒತ್ತಿಟ್ಟುಕೊಂಡು, ಒಂದು ನಿಂತರೆ ಇನ್ನೊಂದನ್ನು ಕೊಡುತ್ತಿದ್ದೆ. ಎರಡನೆಯ ವಾರಕ್ಕೆ ಅಕ್ಕನೂ ಬಂದಳು. ನಾನು ಕರೆದಿರಲಿಲ್ಲ. "ಹಲಗೆ ಇನ್ನೊಂದಿದೆಯಾ?" ಎಂದಳು, ಅಷ್ಟೇ. 4,25,000ಕ್ಕೂ ಹೆಚ್ಚು ಸಹಿ ಸಲ್ಲಿಕೆಯಾದವು. 2018ರಲ್ಲಿ ಶೇ 61 ಮತದಿಂದ ತಿದ್ದುಪಡಿ ಗೆದ್ದಿತು. ಹದಿಮೂರು ಮಂದಿಯ ಆಯೋಗದಲ್ಲಿ ಎರಡು ದೊಡ್ಡ ಪಕ್ಷಗಳಿಗೆ ನಾಲ್ಕು ನಾಲ್ಕು ಸ್ಥಾನ, ಆ ಎರಡಕ್ಕೂ ಸೇರದವರಿಗೆ ಐದು. ಎರಡಕ್ಕೂ ಸೇರದವರಿಗೆಂದೇ ಕುರ್ಚಿ ಹಾಕಿಟ್ಟ ಆ ಸಾಲನ್ನು ಓದಿದಾಗ ಕಣ್ಣು ತುಂಬಿತು.

ಈಗ ನನ್ನ ನಿಲುವು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 2020ರಲ್ಲಿ ನಾನು ಅಕ್ಕ ಹಾಕಿದ ಕಡೆಗೇ ಹಾಕಿದೆ. ಇಬ್ಬರಲ್ಲಿ ಒಬ್ಬರಿಂದ ಆಗುವ ಕೇಡು ಬಹಳ ಹೆಚ್ಚು ಎಂದು ನನಗೆ ಅನ್ನಿಸಿದಾಗ, ರಾಜ್ಯ ಯಾವ ಕಡೆಗೂ ವಾಲಬಹುದು ಎಂದಾಗ, ಮತವನ್ನು ತಡೆಗೋಡೆಯಾಗಿ ಬಳಸುವುದು ನನಗೆ ತಪ್ಪೆನಿಸುವುದಿಲ್ಲ. ಹಾಗೆ ಮಾಡಲಾರೆ ಎನ್ನುವವರನ್ನು ಕಳ್ಳರೆಂದು ಕರೆಯುವುದು ತಪ್ಪು. ಯಾವ ರಾಜ್ಯ ಗಟ್ಟಿ, ಯಾವುದು ಅಲುಗಾಡುತ್ತಿದೆ ಎಂಬುದು ತಿಳಿಯುವುದು ಎಣಿಕೆ ಮುಗಿದ ಮೇಲೆ. 2016ರಲ್ಲಿ ಪಂಡಿತರಿಗೇ ಗೊತ್ತಿಲ್ಲದ ಸಂಗತಿಯನ್ನು ಶಾಲೆಯ ಆಟದ ಅಂಗಳದಲ್ಲಿ ನಿಂತ ನಾನು ತಿಳಿದಿರಬೇಕಿತ್ತು ಎಂದು ಯಾರೂ ಹೇಳಲಾಗದು. ಇನ್ನು ಅಧ್ಯಕ್ಷೀಯ ಚುನಾವಣೆ ಬಂದಾಗ ಮಾತ್ರ ಕಾಣಿಸಿಕೊಂಡು ಉಳಿದ ಮೂರು ವರ್ಷ ಪತ್ತೆಯಿಲ್ಲದ ಸಣ್ಣ ಪಕ್ಷಗಳ ಬಗ್ಗೆ ನನಗೆ ಮೊದಲಿದ್ದ ಮೃದುತನ ಇಲ್ಲ. ಮುಂದೆ ಸೆನೆಟರ್ ಆದ ಬರ್ನಿ ಸ್ಯಾಂಡರ್ಸ್ 1981ರಲ್ಲಿ ಬರ್ಲಿಂಗ್ಟನ್ ಎಂಬ ಸಣ್ಣ ನಗರದ ಮೇಯರ್ ಸ್ಥಾನಕ್ಕೆ ಪಕ್ಷೇತರರಾಗಿ ನಿಂತು ಹತ್ತು ಮತಗಳಿಂದ ಗೆದ್ದರು, ಅಲ್ಲಿಂದ ಹತ್ತಿದವರು. ಹತ್ತು ಮತವನ್ನು ಕಾಲ್ನಡಿಗೆಯಲ್ಲಿ ಸಂಪಾದಿಸಬಹುದು.

ಮೇನ್ ರಾಜ್ಯ 2016ರಲ್ಲಿ, ಅಲಾಸ್ಕ 2020ರಲ್ಲಿ ಪ್ರಾಶಸ್ತ್ಯ ಮತಕ್ಕೆ ಹೊರಳಿದವು. ಫ್ಲಾರಿಡಾ, ಟೆನೆಸೀ, ಮಿಸೂರಿ ಅದನ್ನು ಕಾನೂನಿನಿಂದಲೇ ನಿಷೇಧಿಸಿದವು. 2021ರಲ್ಲಿ ಆ್ಯನ್ ಆರ್ಬರ್‌ನ ಮತದಾರರು ಮತ್ತೆ ಭಾರೀ ಬಹುಮತದಿಂದ ಅದನ್ನು ಕೇಳಿದರು. ರಾಜ್ಯದ ಕಾನೂನು ಒಪ್ಪಿದ ದಿನ ಅದು ಜಾರಿಗೆ ಬರುತ್ತದೆ.

2024ರ ಅಕ್ಟೋಬರ್‌ನಲ್ಲಿ ಅಕ್ಕನ ಮಗಳಿಗೆ ಮೊದಲ ಮತಪತ್ರ ಅಂಚೆಯಲ್ಲಿ ಬಂತು. ಅದನ್ನು ಲಕೋಟೆಸಮೇತ ಎತ್ತಿಕೊಂಡು ನಮ್ಮ ಮನೆಗೆ ಬಂದಳು, ಹಿಂದೆಯೇ ಅವಳ ಅಮ್ಮ. "ಚಿಕ್ಕಮ್ಮ, ಈ ಎರಡರಲ್ಲಿ ನನಗೆ ಯಾರೂ ಒಪ್ಪಿಗೆಯಿಲ್ಲ. ಮೂರನೆಯವರಿಗೆ ಹಾಕಿದರೆ ತಪ್ಪೇ?" ಎಂದು ಕೇಳಿದಳು. ಅಕ್ಕ ನನ್ನ ಮುಖ ನೋಡಿದಳು. ನಾನು 10,704ರ ಕಥೆ ಹೇಳಿದೆ, ಇರಾನಿನ ಅಜ್ಜಿಯ ಕಥೆ ಹೇಳಿದೆ, ಪಾಂಟಿಯಾಕ್ ಟ್ರೇಲ್‌ನ ಪಾದ್ರಿಯ ಕಥೆಯನ್ನೂ ಲಿಂಕನ್ ಪತ್ರದ ಕಥೆಯನ್ನೂ ಹೇಳಿದೆ. ಯಾರಿಗೆ ಹಾಕು ಎಂದು ಹೇಳಲಿಲ್ಲ. ಮತಪತ್ರದಲ್ಲಿ ಇನ್ನೂ ಉಳಿದುಕೊಂಡಿದ್ದ ಕೆನಡಿಯವರ ಹೆಸರು ಅವರೇ ಬೇಡವೆಂದದ್ದು ಎಂಬುದನ್ನು ಮಾತ್ರ ತಿಳಿಸಿದೆ.

ಅವಳು ಕಾಗದ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ನಾವಿಬ್ಬರೂ ಮೇಜಿನ ಬಳಿ ಕೂತಿದ್ದೆವು, ಆ ಬಾಗಿಲನ್ನು ನೋಡದಿರಲು ಯತ್ನಿಸುತ್ತಾ. ಕೊನೆಗೆ ಹೊರಗೆ ಬಂದಾಗ ಲಕೋಟೆ ಅಂಟಿಸಿಯಾಗಿತ್ತು. ಮೇಜಿನ ಮೇಲಿಟ್ಟು ಹೊರಬದಿಯಲ್ಲಿ ತನ್ನ ಸಹಿ ಹಾಕಿದಳು. ಮೂವರೂ ಕಾರಿನಲ್ಲಿ ಹೋಗಿ ಮತಪತ್ರದ ಪೆಟ್ಟಿಗೆಗೆ ಹಾಕಿ ಬಂದೆವು. ದಾರಿಯುದ್ದಕ್ಕೂ ಅಕ್ಕ ಬೇರೆ ಏನೇನೋ ಮಾತಾಡಿದಳು. ಯಾರಿಗೆ ಹಾಕಿದೆ ಎಂದು ಮಗಳನ್ನು ಕೇಳಲಿಲ್ಲ.